ಬ್ಯಾಕಪ್‌ಗೆ ಎಕ್ಸ್‌ಜೆಡ್ ಬಿಟ್ಟು ಜೆಡ್‌ಎಸ್‌ಟಿಡಿಗೆ ಹೋಗೋದಾ, ಜಿಜಿಪ್ಪೇ ಸಾಕಾ?

ಕಡತಪಾಲ (ಮೂಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಸರ್ವರ್ ಒಂದರ ಬ್ಯಾಕಪ್ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡಂಪು (ಪೂರ್ತಿ ನಕಲು), ಆಪ್ ಲಾಗುಗಳು, ಬಳಕೆದಾರರು ಅಪ್‌ಲೋಡ್ ಮಾಡಿದ ಫೋಟೊಗಳು, ಎಲ್ಲವನ್ನೂ ಒಂದೇ ಟಾರ್ ಕಟ್ಟು ಮಾಡಿ ಎಕ್ಸ್‌ಜೆಡ್ ಅನ್ನೋ ಸಾಧನದ ಒಂಬತ್ತನೇ ಮಟ್ಟದಲ್ಲಿ (ಮಟ್ಟ ಏರಿದಷ್ಟೂ ಗಾತ್ರ ಸಣ್ಣ, ಕೆಲಸ ನಿಧಾನ) ಕುಗ್ಗಿಸೋ ಸ್ಕ್ರಿಪ್ಟು ನಾನು ಬರೋಕೆ ಮುಂಚಿಂದಲೂ ಇದೆ. ಮೊದಲೆಲ್ಲ ಬೆಳಗಾಗೋದ್ರೊಳಗೆ ಮುಗಿದಿರ್ತಿತ್ತಂತೆ. ಈಗ ಜನ ಲಾಗಿನ್ ಆಗೋಕೆ ಶುರು ಮಾಡಿದ್ರೂ ಓಡ್ತಾನೇ ಇರುತ್ತೆ. ಒಂದು ಕೋರ್ ನೂರಕ್ಕೆ ನೂರು, ಮಿಕ್ಕವು ಖಾಲಿ.

ಕುಗ್ಗಿಸೋಕೆ ಜೆಡ್‌ಎಸ್‌ಟಿಡಿ ಅನ್ನೋ ಸಾಧನಕ್ಕೆ ಹೋಗು ಅಂತ ಒಬ್ರು, ಹಳೇ ಜಿಜಿಪ್ಪೇ ಸಾಕು ಅಂತ ಇನ್ನೊಬ್ರು. ಡಿಸ್ಕಲ್ಲೂ ಜಾಗ ಇಲ್ಲ, ರಾತ್ರೀಲೂ ಹೊತ್ತಿಲ್ಲ. ಯಾವುದು ಒಳ್ಳೇದು? ಮುಕ್ತ ತಂತ್ರಾಂಶವೇ ಆಗಬೇಕು, ಅದೊಂದೇ ಷರತ್ತು.

ಶೂನ್ಯಒಂದು

ಫೋಟೊಗಳನ್ನ ಎಕ್ಸ್‌ಜೆಡ್ ಒಂಬತ್ತಕ್ಕೆ ಹಾಕ್ತಿದ್ದೀರಾ? ಆ ಕೋರ್ ನಿಮಗೇನು ಮಾಡಿತ್ತು?

ಟಾರಪ್ಪ

ಕಣ್ಣು ಮುಚ್ಕೊಂಡು ಜೆಡ್‌ಎಸ್‌ಟಿಡಿ. ಆರ್ಚ್ ಲಿನಕ್ಸಿನವರು 2020ರ ಹೊತ್ತಿಗೆ ತಮ್ಮ ಪ್ಯಾಕೇಜುಗಳನ್ನೆಲ್ಲ ಎಕ್ಸ್‌ಜೆಡ್‌ನಿಂದ ಇದಕ್ಕೆ ಬದಲಾಯಿಸಿದ್ರು. ಗಾತ್ರ ಒಟ್ಟಾರೆ ಶೇಕಡ 0.8ರಷ್ಟು ಹೆಚ್ಚಾಯ್ತು, ಬಿಚ್ಚೋ ವೇಗ ಶೇಕಡ 1300ರಷ್ಟು ಏರಿತು ಅಂತ ಅವರೇ ಪ್ರಕಟಿಸಿದ ಲೆಕ್ಕ. ಇನ್ನೇನು ಬೇಕು? ಟಿ ಸೊನ್ನೆ ಆಯ್ಕೆ ಕೊಟ್ರೆ ಇರೋ ಕೋರುಗಳನ್ನೆಲ್ಲ ದುಡಿಸ್ಕೊಳ್ಳುತ್ತೆ.

ಹಳೇಟರ್ಮಿನಲ್

ಆರ್ಚಿನವರು ಒಂದು ಸಲ ಕುಗ್ಗಿಸ್ತಾರೆ, ಲಕ್ಷಾಂತರ ಜನ ಬಿಚ್ಚುತಾರೆ. ಅವರಿಗೆ ಬಿಚ್ಚೋ ವೇಗ ಮುಖ್ಯ. ಇವರ ಬ್ಯಾಕಪ್ಪು ದಿನಾ ಕುಗ್ಗುತ್ತೆ, ಬಿಚ್ಚೋದು ಯಾವತ್ತೋ ಗ್ರಹಚಾರ ಕೆಟ್ಟ ದಿನ. ಆ ಉದಾಹರಣೆ ಇಲ್ಲಿಗೆ ಹೊಂದೋದೇ ಇಲ್ಲ.

ನನ್ನ ಮತ ಜಿಜಿಪ್‌ಗೆ. 1992ರಿಂದ ಇದೆ, ಯಾವ ಮಷೀನಿಗೆ ಹೋದ್ರೂ ಇರುತ್ತೆ, ರೂಟರ್ ಒಳಗೂ ಇರುತ್ತೆ. ಒಂದೇ ಕೋರ್ ಅಂತ ಗೋಳಾಡೋರಿಗೆ ಪಿಗ್ಜ್ ಇದೆ. ಅದನ್ನ ಬರೆದವರು ಮಾರ್ಕ್ ಆಡ್ಲರ್, ಜಿಜಿಪ್ ಬರೆದ ಇಬ್ಬರಲ್ಲಿ ಒಬ್ರು. ಎಲ್ಲ ಕೋರೂ ಓಡುತ್ತೆ, ಹೊರಬರೋದು ಮಾಮೂಲಿ ಜಿಜಿಪ್ ಕಡತ.

ಬಿಟ್‌ಬೈರಾಗಿ

ಪಿಗ್ಜ್ ಒಳ್ಳೇದೇ. ಆದ್ರೆ ಲಾಗುಗಳ ವಿಷಯದಲ್ಲಿ ಜಿಜಿಪ್‌ಗೆ ಹುಟ್ಟಿನಿಂದಲೇ ಒಂದು ಮಿತಿ ಇದೆ. ಅದನ್ನ ಬಿಡಿಸಿ ಹೇಳ್ತೀನಿ, ಉದ್ದ ಆದ್ರೆ ಸಹಿಸ್ಕೊಳ್ಳಿ.

ಜಿಜಿಪ್, ಎಕ್ಸ್‌ಜೆಡ್, ಜೆಡ್‌ಎಸ್‌ಟಿಡಿ, ಎಲ್‌ಜೆಡ್4 ಎಲ್ಲದರ ಬೇರು ಒಂದೇ: ಲೆಂಪೆಲ್ ಮತ್ತು ಜಿವ್ 1977ರಲ್ಲಿ ಕೊಟ್ಟ ಎಲ್‌ಜೆಡ್77. ಮುಂಚೆ ಬಂದಿದ್ದ ಬೈಟುಗಳ ಸರಣಿಯೇ ಮತ್ತೆ ಬಂದ್ರೆ ಅದನ್ನ ಪೂರ್ತಿ ಬರೆಯಲ್ಲ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಬೈಟು ತಗೋ’ ಅಂತ ಬರೀತಾರೆ. ಎಷ್ಟು ಹಿಂದಿನವರೆಗೆ ನೋಡಬಹುದು ಅನ್ನೋದೇ ವಿಂಡೋ. ಜಿಜಿಪ್‌ನೊಳಗಿನ ಡಿಫ್ಲೇಟ್ ಅನ್ನೋ ಕುಗ್ಗಿಸೋ ವಿಧಾನಕ್ಕೆ ವಿಂಡೋ 32 ಕಿಲೋಬೈಟ್, ಅಷ್ಟೇ. 40 ಕಿಲೋಬೈಟ್ ಹಿಂದೆ ಇದೇ ಸ್ಟ್ಯಾಕ್ ಟ್ರೇಸ್ (ದೋಷ ಎಲ್ಲಾಯ್ತು ಅಂತ ಹೇಳೋ ಸಾಲುಗಳು) ಅಕ್ಷರಕ್ಕಕ್ಷರ ಬಂದಿದ್ರೂ ಅದಕ್ಕೆ ನೆನಪಿರಲ್ಲ, ಹೊಸದು ಅಂದ್ಕೊಂಡೇ ಬರೆಯುತ್ತೆ. ಎಕ್ಸ್‌ಜೆಡ್ ಆರನೇ ಮಟ್ಟದಲ್ಲಿ 8 ಮೆಬಿಬೈಟ್ ಹಿಂದೆ ನೋಡುತ್ತೆ, ಒಂಬತ್ತರಲ್ಲಿ 64. ಜೆಡ್‌ಎಸ್‌ಟಿಡಿಗೆ ಲಾಂಗ್ ಆಯ್ಕೆ ಕೊಟ್ರೆ ಸುಮ್ಮನೆ 128 ಮೆಬಿಬೈಟ್.

ಆಮೇಲೆ ಎರಡನೇ ಹಂತ: ಹಾಗೆ ಉಳಿದ ಸಂಕೇತಗಳನ್ನ ಕಡಿಮೆ ಬಿಟ್‌ಗಳಲ್ಲಿ ಕೂರಿಸೋದು. ಡಿಫ್ಲೇಟ್ ಬಳಸೋದು ಹಫ್‌ಮನ್ 1952ರಲ್ಲಿ ಕೊಟ್ಟ ವಿಧಾನ. ಅದರಲ್ಲಿ ಒಂದು ಸಂಕೇತಕ್ಕೆ ಕನಿಷ್ಠ ಒಂದು ಬಿಟ್ ಬೇಕೇ ಬೇಕು, ಅರ್ಧ ಬಿಟ್ ಕೊಡೋಕೆ ಬರಲ್ಲ. ಎಕ್ಸ್‌ಜೆಡ್ ರೇಂಜ್ ಕೋಡಿಂಗ್ ಬಳಸುತ್ತೆ, ಭಿನ್ನಾಂಶ ಬಿಟ್ಟೂ ಕೊಡಬಲ್ಲದು, ಆದ್ರೆ ಒಂದೊಂದೇ ಬಿಟ್ ಲೆಕ್ಕ ಹಾಕೋದ್ರಿಂದ ನಿಧಾನ. ಯಾರೆಕ್ ಡೂಡಾ ಅವರ ಎಎನ್‌ಎಸ್ ಅನ್ನೋ ವಿಧಾನ ಬಂದ ಮೇಲೆ ರೇಂಜ್ ಕೋಡಿಂಗ್‌ಗೆ ಹತ್ತಿರದ ಬಿಗಿತ, ಹಫ್‌ಮನ್‌ಗೆ ಹತ್ತಿರದ ವೇಗ ಎರಡೂ ಒಟ್ಟಿಗೆ ಸಿಕ್ಕವು. ಜೆಡ್‌ಎಸ್‌ಟಿಡಿ ಬರೆದ ಯಾನ್ ಕೊಲೆ (Collet) ಅನ್ನೋರು ಆ ವಿಧಾನವನ್ನ ಅದಕ್ಕೆ ತಂದ್ರು. 2016ರಲ್ಲಿ ಫೇಸ್‌ಬುಕ್ ಜೆಡ್‌ಎಸ್‌ಟಿಡಿ 1.0 ಬಿಡುಗಡೆ ಮಾಡ್ತು.

ಸುಮ್ನೆಓದುಗ

ಬೈರಾಗಿಗಳೇ, ಲಾಂಗ್ ಕೊಟ್ರೆ 128 ಅಂದ್ರಿ. ಇನ್ನೂ ಜಾಸ್ತಿ ಮಾಡಬಹುದಾ? ರ‍್ಯಾಮ್ ಬೇಕಾದಷ್ಟಿದೆ.

ಬಿಟ್‌ಬೈರಾಗಿ

ಮಾಡಬಹುದು, 31 ಅಂತ ಕೊಟ್ರೆ 2 ಗಿಬಿಬೈಟ್ ತನಕ. ಆದ್ರೆ 27ನ್ನ (ಆ 128 ಮೆಬಿಬೈಟ್ ಅಂದ್ರೆ ಇದೇ) ದಾಟಿದ್ರೆ ಬಿಚ್ಚೋವಾಗಲೂ ಅದೇ ಆಯ್ಕೆ ಕೊಡಬೇಕು, ಇಲ್ಲಾಂದ್ರೆ ‘ಇಷ್ಟು ಮೆಮೊರಿ ಬಳಸಲ್ಲ’ ಅಂತ ತಿರಸ್ಕರಿಸುತ್ತೆ. ಸರ್ವರ್ ಬಿದ್ದ ರಾತ್ರಿ ಬೇರೆಯವರು ಬಿಚ್ಚೋಕೆ ಕೂತಾಗ ಅವರಿಗೆ ಇದು ಗೊತ್ತಿರಬೇಕಲ್ಲ. ಹಾಗಾಗಿ ನಾನು 27ರಲ್ಲೇ ನಿಲ್ಲಿಸ್ತೀನಿ.

ನೀಲಿಪರದೆ

ಎಲ್ಲಾರೂ ಜೆಡ್‌ಎಸ್‌ಟಿಡಿ ಜೆಡ್‌ಎಸ್‌ಟಿಡಿ ಅಂತ ಕುಣಿಯಾಕ ಹತ್ತೀರಿ. ಬರೇ ಗಾತ್ರ ನೋಡಿದ್ರ ಎಕ್ಸ್‌ಜೆಡ್ ಇನ್ನೂ ಮುಂದನ ಐತ್ರಿ. ಅದೇ ಟೆಕ್ಸ್ಟ್ ಕಡತ ಎಕ್ಸ್‌ಜೆಡ್ ಒಂಬತ್ತಕ್ಕ ಒಮ್ಮೆ ಹಾಕ್ರಿ, ಜೆಡ್‌ಎಸ್‌ಟಿಡಿ ಹತ್ತೊಂಬತ್ತಕ್ಕ ಒಮ್ಮೆ ಹಾಕ್ರಿ, ಹೆಚ್ಚಾನೆಚ್ಚು ಎಕ್ಸ್‌ಜೆಡ್‌ದ ಸಣ್ಣದಾಗ್ತದ. ಹತ್ತೊಂಬತ್ತನೇ ಮಟ್ಟ ಅಂದ್ರ ಜೆಡ್‌ಎಸ್‌ಟಿಡಿನೂ ಎತ್ತಿನಬಂಡಿನ. ಇಪ್ಪತ್ತರಿಂದ ಇಪ್ಪತ್ತೆರಡು ಬೇಕಂದ್ರ ಅಲ್ಟ್ರಾ ಅಂತ ಬ್ಯಾರೆ ಕೊಡಬೇಕು. ವೇಗ ಅಂತ ಹೊಗಳೂದು ಮೂರನೇ ಮಟ್ಟದ್ದು, ಗಾತ್ರ ಅಂತ ತೋರಿಸೂದು ಹತ್ತೊಂಬತ್ತನೇ ಮಟ್ಟದ್ದು. ಎರಡೂ ಒಮ್ಮೆಲೇ ಸಿಗೂದಿಲ್ರಿ.

ಟಾರಪ್ಪ

ಬಿಚ್ಚೋ ವೇಗ ಮಾತ್ರ ಯಾವ ಮಟ್ಟಕ್ಕೆ ಹೋದ್ರೂ ಅಷ್ಟೇನೂ ಬೀಳಲ್ಲ, ಅದನ್ನ ಯಾಕೆ ಮರೆಮಾಚ್ತೀರಿ?

ನೀಲಿಪರದೆ

ಮರೆಮಾಚಿಲ್ರೀ, ಅದು ಖರೇನ. ಇವ್ರು ಕೇಳಿದ್ದು ಕುಗ್ಗಿಸೂದರ ಬಗ್ಗೆ.

ಎಂಟ್ರೋಪಿಅಜ್ಜಿ

2024ರ ಮಾರ್ಚ್‌ನಲ್ಲಿ ಹಿಂಬಾಗಿಲು ಸಿಕ್ಕ ಮೇಲೂ ಎಕ್ಸ್‌ಜೆಡ್ ಅಂತೀರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು.

ಮರುಸ್ಥಾಪಕಿ

ಅಜ್ಜಿ, ಈ ಮಾತು ಪ್ರತಿ ಚರ್ಚೆಯಲ್ಲೂ ಬರುತ್ತೆ, ಪ್ರತಿ ಸಲವೂ ಅರ್ಧಂಬರ್ಧ ಬರುತ್ತೆ. ಹಿಂಬಾಗಿಲು ಇದ್ದದ್ದು 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಕುಗ್ಗಿಸೋ ವಿಧಾನದಲ್ಲೂ ಅಲ್ಲ, ಕಡತದ ಫಾರ್ಮ್ಯಾಟಿನಲ್ಲೂ ಅಲ್ಲ. ಪರೀಕ್ಷೆಗೆ ಅಂತ ಇಟ್ಟಿದ್ದ ಬೈನರಿ ಕಡತಗಳಲ್ಲಿ ವಿಷ ಬಚ್ಚಿಟ್ಟು, ಬಿಡುಗಡೆಯ ಟಾರ್‌ಬಾಲಿನ ಬಿಲ್ಡ್ ಸ್ಕ್ರಿಪ್ಟಿನ ಮೂಲಕ ಅದನ್ನ ಲೈಬ್ರರಿಯೊಳಗೆ ಸೇರಿಸಿದ್ರು. ಗುರಿ ದೂರದಿಂದ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಸರ್ವರ್. ಕೆಲವು ಡಿಸ್ಟ್ರೋಗಳಲ್ಲಿ ಅದು ಸಿಸ್ಟಮ್‌ಡಿ ದಾರಿಯಾಗಿ ಈ ಲೈಬ್ರರಿಯನ್ನ ಎಳ್ಕೊಳ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೆವಲಪರ್, ಲಾಗಿನ್‌ಗೆ ಅರ್ಧ ಸೆಕೆಂಡ್ ಯಾಕೆ ತಡ ಆಗ್ತಿದೆ ಅಂತ ಕೆದಕಿ ಹಿಡಿದ್ರು. ಹಿಂಬಾಗಿಲಿನ ಸಂಖ್ಯೆ ಸಿವಿಇ-2024-3094, ಹುಡುಕಿ ಓದಿ. ಅದನ್ನ ತೆಗೆದು ಹಾಕಿ ಹೊಸ ಆವೃತ್ತಿ ಬಂದೂ ಆಯ್ತು.

ಪಾಠ ಕಲಿಯೋದಾದ್ರೆ ಬೇರೆ ಇದೆ. ಅರ್ಧ ಇಂಟರ್ನೆಟ್ಟು ನಂಬಿಕೊಂಡಿದ್ದ ಲೈಬ್ರರಿಯನ್ನ ಒಬ್ಬರೇ ಬಿಡುವಿನಲ್ಲಿ ನೋಡ್ಕೊಳ್ತಿದ್ರು. ಗುಪ್ತನಾಮದವರೊಬ್ಬರು ಎರಡು ವರ್ಷಕ್ಕೂ ಮೇಲೆ ಒಳ್ಳೊಳ್ಳೆ ಪ್ಯಾಚ್ ಕಳಿಸಿ ಸಹ-ನಿರ್ವಾಹಕರಾದ್ರು. ಆಮೇಲೆ ಮಾಡಿದ್ದು ಇದು. ನಾವು ದಿನಾ ಬಳಸೋ ಇನ್ನೆಷ್ಟು ಲೈಬ್ರರಿಗಳ ಕಥೆ ಹೀಗೇ ಇದೆಯೋ.

ಎಂಟ್ರೋಪಿಅಜ್ಜಿ

ಹಿಂಬಾಗಿಲು ಬಿಡಿ. ದೀರ್ಘಕಾಲ ಇಟ್ಟುಕೊಳ್ಳೋಕೆ ಎಕ್ಸ್‌ಜೆಡ್ ಫಾರ್ಮ್ಯಾಟ್ ಸರಿಯಿಲ್ಲ ಅಂತ ಎಲ್‌ಜಿಪ್ ಅನ್ನೋ ಇನ್ನೊಂದು ಕುಗ್ಗಿಸೋ ಸಾಧನ ಬರೆದವರು ಮೊದಲಿಂದ ಬಡ್ಕೊಳ್ತಾನೇ ಇದ್ದಾರೆ.

ಹಳೇಟರ್ಮಿನಲ್

ಅವರು ಪೈಪೋಟಿಗಾರರು, ಬೇರೆ ಏನು ಹೇಳ್ತಾರೆ?

ಎಂಟ್ರೋಪಿಅಜ್ಜಿ

ಹೇಳಿದವರು ಯಾರು ಅನ್ನೋದಲ್ಲ, ಹೇಳಿದ್ದೇನು ನೋಡಿ. ಎಲ್‌ಜಿಪ್‌ಗೆ ಎಲ್‌ಜಿಪ್‌ರಿಕವರ್ ಅನ್ನೋ ಜೊತೆಗಾರ ಇದೆ, ಕೆಟ್ಟ ಪ್ರತಿಗಳು ಎರಡು ಇದ್ರೆ ಸೇರಿಸಿ ಒಂದು ಒಳ್ಳೇದು ಮಾಡೋ ಪ್ರಯತ್ನ ಮಾಡುತ್ತೆ. ಬಿಜಿಪ್2 ಕೂಡ ಹೆಚ್ಚಂದ್ರೆ 900 ಕಿಲೋಬೈಟಿನ ಬ್ಲಾಕುಗಳಾಗಿ ಒಡೆದು ಬರೆಯೋದ್ರಿಂದ ಒಂದು ಬ್ಲಾಕ್ ಹಾಳಾದ್ರೆ ಮಿಕ್ಕದ್ದು ಎತ್ತಿಕೊಳ್ಳಬಹುದು, ಅದಕ್ಕೇ ಪ್ರತ್ಯೇಕ ಸಾಧನ ಇದೆ. ಜಿಜಿಪ್ ಮಧ್ಯೆ ಒಂದು ಬಿಟ್ ತಿರುಗಿದ್ರೆ ಅಲ್ಲಿಂದ ಮುಂದಿನದಕ್ಕೆ ತರ್ಪಣ ಬಿಟ್ಟ ಹಾಗೇ. ಅಂದ ಹಾಗೆ ನಿಮ್ಮ ಪ್ರೀತಿಯ ಜಿಜಿಪ್ ಮೂಲ ಗಾತ್ರವನ್ನ 32 ಬಿಟ್‌ನಲ್ಲಿ ಬರೆದಿಡುತ್ತೆ. 4 ಗಿಬಿಬೈಟ್ ದಾಟಿದ ಕಡತಕ್ಕೆ ಅದರ ಪಟ್ಟಿ ಆಯ್ಕೆ ಸುಳ್ಳು ಗಾತ್ರ ತೋರಿಸ್ತಿತ್ತು. ಸರಿಯಾಗಿದ್ದು 1.12 ಆವೃತ್ತಿಯಲ್ಲಿ, 2022ರಲ್ಲಿ.

ಹಳೇಟರ್ಮಿನಲ್

ಸರಿಯಾಯ್ತಲ್ಲ, ಆಯ್ತು ಬಿಡಿ.

ಮರುಸ್ಥಾಪಕಿ

ಕೆಟ್ಟದ್ದನ್ನ ಸರಿಮಾಡೋದು ಕುಗ್ಗಿಸೋ ಸಾಧನದ ಕೆಲಸವೇ ಅಲ್ಲ ಅನ್ನೋದು ನನ್ನ ವಾದ. ಕೆಟ್ಟ ಭಾಗ ಸರಿಮಾಡೋಕೆ ಹೆಚ್ಚುವರಿ ಮಾಹಿತಿ ಬರೆದಿಡೋ ಪಾರ್2 ಹಾಕಿ, ಇನ್ನೊಂದು ಡಿಸ್ಕಲ್ಲಿ ಇನ್ನೊಂದು ಪ್ರತಿ ಇಡಿ. ಜೆಡ್‌ಎಸ್‌ಟಿಡಿ, ಎಕ್ಸ್‌ಜೆಡ್, ಜಿಜಿಪ್ ಎಲ್ಲಕ್ಕೂ ಪರೀಕ್ಷಿಸೋ ಆಯ್ಕೆ ಇದೆ, ಬ್ಯಾಕಪ್ ಮುಗಿದ ತಕ್ಷಣ ಅದನ್ನ ಓಡಿಸಿ. ನಾನು ನೋಡಿದ ಬ್ಯಾಕಪ್ ದುರಂತಗಳಲ್ಲಿ ಬಿಟ್ ತಿರುಗಿದ್ದು ಕಡಿಮೆ, ಡಿಸ್ಕ್ ತುಂಬಿ ಕಡತ ಅರ್ಧಕ್ಕೇ ನಿಂತದ್ದು ಜಾಸ್ತಿ.

ಸುಮ್ನೆಓದುಗ

ಸ್ವಲ್ಪ ವಿಷಯ ಬಿಟ್ಟು ಕೇಳ್ತೀನಿ. ನನ್ನ ಹತ್ರ ಕನ್ನಡ ಪಠ್ಯ ರಾಶಿ ಇದೆ. ಅಕ್ಷರಗಳನ್ನ ಬೈಟುಗಳಾಗಿ ಬರೆಯೋ ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಅಂತಾರೆ. ನಮಗೆ ಯಾಕೆ ಮೂರು ಪಟ್ಟು ದಂಡ? ಕುಗ್ಗಿಸಿದ್ರೆ ಅದು ಸರಿಹೋಗುತ್ತಾ?

ಬಿಟ್‌ಬೈರಾಗಿ

ಹೆಚ್ಚುಕಡಿಮೆ ಸರಿಹೋಗುತ್ತೆ, ಲೆಕ್ಕ ನೋಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟ ಜಾಗ 128 ಸ್ಥಾನ. ಅಂದ್ರೆ ಯಾವ ಚಿಹ್ನೆ ಅಂತ ಹೇಳೋಕೆ 7 ಬಿಟ್ ಸಾಕು. ಯುಟಿಎಫ್-8ನಲ್ಲಿ ಬರೆದಾಗ 24 ಬಿಟ್. ಮೊದಲ ಬೈಟ್ ಯಾವಾಗಲೂ ಹೆಕ್ಸ್‌ನ ಇ0. ಎರಡನೇದು ಬಿ2 ಇಲ್ಲವೇ ಬಿ3, ಅಲ್ಲಿ ಬದಲಾಗೋದು ಒಂದೇ ಬಿಟ್. ಮೂರನೇದರಲ್ಲಿ 6 ಬಿಟ್. ಮಿಕ್ಕ 17 ಬಿಟ್‌ಗಳು ಅದೇ ರಾಗ ಅದೇ ಹಾಡು, ಮುಂದೇನು ಬರುತ್ತೆ ಅಂತ ಮೊದಲೇ ಗೊತ್ತಿರೋವು. ಊಹಿಸೋಕಾಗೋ ಬಿಟ್‌ಗೆ ಜಾಗ ಕೊಡದೇ ಇರೋದೇ ಕುಗ್ಗಿಸೋ ವಿದ್ಯೆ. ಹಾಗಾಗಿ ಕನ್ನಡ ಪಠ್ಯ ಕುಗ್ಗೋ ಅನುಪಾತ ಇಂಗ್ಲಿಷಿಗಿಂತ ಚೆನ್ನಾಗೇ ಕಾಣುತ್ತೆ. ಹೊಗಳಿಕೆ ಅಲ್ಲ, ಮೂಲವೇ ಅಷ್ಟು ಉಬ್ಬಿರುತ್ತೆ.

‘ಕ್ಷ’ ತಗೊಳ್ಳಿ: ಕ, ಹಲಂತ, ಷ, ಮೂರು ಚಿಹ್ನೆ, ಒಂಬತ್ತು ಬೈಟ್. ಡಿಫ್ಲೇಟ್‌ನಲ್ಲಿ ಒಂದು ಸಲ ಹಿಂದಕ್ಕೆ ತೋರಿಸೋ ಉದ್ದ 258 ಬೈಟ್ ಮೀರೋ ಹಾಗಿಲ್ಲ, ಕನ್ನಡದಲ್ಲಿ ಅದು ಎಂಬತ್ತು ಚಿಲ್ಲರೆ ಚಿಹ್ನೆ ಅಷ್ಟೇ. 32 ಕಿಲೋಬೈಟ್ ವಿಂಡೋನೂ ಅದೇ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದ ಹಾಗೆ. ಹಾಗಾಗಿ ಕನ್ನಡಕ್ಕೆ ದೊಡ್ಡ ವಿಂಡೋ ಇರೋ ಸಾಧನಗಳಿಂದ ಹೆಚ್ಚು ಲಾಭ.

ಶೂನ್ಯಒಂದು

ಪಠ್ಯ ಮಾತ್ರ ಇದ್ರೆ 7-ಜಿಪ್‌ನೊಳಗಿನ ಪಿಪಿಎಮ್‌ಡಿ ಒಮ್ಮೆ ನೋಡಿ. ಹಿಂದಿನ ಕೆಲವು ಬೈಟ್ ನೋಡಿ ಮುಂದಿನದನ್ನ ಊಹಿಸೋ ಜಾತಿ ಅದು, ಪಠ್ಯಕ್ಕೆ ಹೇಳಿ ಮಾಡಿಸಿದ್ದು. ಬಿಜಿಪ್2 ಕೂಡ ಪಠ್ಯದಲ್ಲಿ ಜಿಜಿಪ್‌ನ ಸುಲಭವಾಗಿ ಮೀರಿಸುತ್ತೆ. ಬರೋಸ್ ಮತ್ತು ವೀಲರ್ 1994ರಲ್ಲಿ ಕೊಟ್ಟ ಆ ಪರಿವರ್ತನೆ ಇದ್ಯಲ್ಲ, ಅಕ್ಷರಗಳನ್ನ ಕಲಸಿ ಒಂದೇ ಥರದವನ್ನ ಅಕ್ಕಪಕ್ಕ ಕೂರಿಸಿ, ಮತ್ತೆ ಮೂಲಕ್ಕೆ ತರೋಕೂ ಆಗೋ ಹಾಗೆ ಮಾಡೋದು, ನನಗೆ ಇವತ್ತಿಗೂ ಮಾಯಾಮಂತ್ರ ಅನ್ಸುತ್ತೆ.

ನೀಲಿಪರದೆ

7-ಜಿಪ್ ಬ್ಯಾಕಪ್ಪಿಗೆ ಬಳಸೂದಾದ್ರ ಹುಷಾರ್ರಿ. 7ಜೆಡ್ ಫಾರ್ಮ್ಯಾಟಿನ್ಯಾಗ ಕಡತದ ಮಾಲೀಕ ಯಾರು, ಗುಂಪು ಯಾವುದು ಅನ್ನೂದು ಉಳಿಯೂದಿಲ್ಲ. ಮೊದಲ ಟಾರ್ ಮಾಡ್ರಿ, ಆಮ್ಯಾಲ ಹಾಕ್ರಿ.

ಸುಮ್ನೆಓದುಗ

ನನ್ನದು ಒಂದೇ ದೊಡ್ಡ ಕಡತ ಅಲ್ಲ, ಸಾವಿರಾರು ಪುಟ್ಟ ಪುಟ್ಟ ಜೇಸನ್ ದಾಖಲೆಗಳು. ಒಂದೊಂದಾಗಿ ಕುಗ್ಗಿಸಿದ್ರೆ ಏನೂ ಇಳಿಯಲ್ಲ.

ಟಾರಪ್ಪ

ಪುಟ್ಟ ಕಡತಕ್ಕೆ ‘ಹಿಂದೆ’ ಅನ್ನೋದೇ ಇರಲ್ಲ, ಎಲ್ಲಿಂದ ಇಳಿಯುತ್ತೆ? ಜೆಡ್‌ಎಸ್‌ಟಿಡಿಗೆ ಟ್ರೇನ್ ಆಯ್ಕೆ ಇದೆ. ಮಾದರಿ ದಾಖಲೆಗಳನ್ನ ಕೊಟ್ರೆ ಅವುಗಳಲ್ಲಿ ಪದೇ ಪದೇ ಬರೋದನ್ನ ಆಯ್ದು ಒಂದು ನಿಘಂಟು ಕಡತ ಮಾಡಿ ಕೊಡುತ್ತೆ, ಮಾಮೂಲಿ ಗಾತ್ರ 110 ಕಿಲೋಬೈಟ್. ಆಮೇಲೆ ಪ್ರತಿ ದಾಖಲೆಯನ್ನೂ ಅದರ ಜೊತೆ ಕುಗ್ಗಿಸಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ನಿಘಂಟು ಕಳ್ಕೊಂಡ್ರೋ, ದಾಖಲೆಗಳೂ ಹೋದ ಹಾಗೇ. ಅದನ್ನೂ ಬ್ಯಾಕಪ್ ಮಾಡಿ!

ಗೂಗಲ್ಲಿನ ಬ್ರಾಟ್ಲಿ ಅನ್ನೋ ಕುಗ್ಗಿಸೋ ಸಾಧನದೊಳಗೆ ಇಂಥ ನಿಘಂಟು ಹುಟ್ಟಿನಿಂದಲೇ ಇದೆ, 13,504 ಪದಗಳದ್ದು. ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಹಿಂದಿ, ರಷ್ಯನ್, ಅರೇಬಿಕ್ ಇವೆ. ನಮ್ಮದಿಲ್ಲ.

ಎಂಟ್ರೋಪಿಅಜ್ಜಿ

ನಮ್ಮದು ಎಲ್ಲಿ ತಾನೇ ಇರುತ್ತೆ.

ಬೈಟುಭಟ್ಟ

ಇಲ್ಲಿ ಹೊಸಬ. ನನ್ನ ಗೆಳೆಯನೊಬ್ಬ ಯಾವ ಕಡತ ಕೊಟ್ಟರೂ ಕುಗ್ಗಿಸೋ ಅಲ್ಗಾರಿದಮ್ ಕಂಡುಹಿಡಿದಿದ್ದಾನೆ ಮಾರಾಯ್ರೆ. ಜಿಪ್ ಮಾಡಿದ್ದನ್ನೂ ಮತ್ತೆ ಕುಗ್ಗಿಸ್ತದಂತೆ, ಎಷ್ಟು ಸಲ ಬೇಕಾದ್ರೂ. ಮುಕ್ತವಾಗಿ ಬಿಡಬೇಕಾ, ಪೇಟೆಂಟ್ ಮಾಡಿಸಬೇಕಾ ಅಂತ ಯೋಚನೆ.

ಶೂನ್ಯಒಂದು

ಬಿಚ್ಚೋ ಪ್ರೋಗ್ರಾಂ ಬರೆದಿದ್ದಾನಾ ಕೇಳಿ.

ಬಿಟ್‌ಬೈರಾಗಿ

ಹತ್ತು ಬಿಟ್‌ನ ಕಡತಗಳು 1024 ಇವೆ. ಹತ್ತಕ್ಕಿಂತ ಚಿಕ್ಕ ಕಡತಗಳು, ಖಾಲಿಯದೂ ಸೇರಿ, 1023. ಎಲ್ಲವನ್ನೂ ಚಿಕ್ಕದು ಮಾಡ್ತೀನಿ ಅಂದ್ರೆ ಕನಿಷ್ಠ ಎರಡು ಕಡತಗಳು ಒಂದೇ ಜಾಗಕ್ಕೆ ಬಂದು ಕೂರ್ತವೆ. ಬಿಚ್ಚೋವಾಗ ಯಾವುದನ್ನ ಕೊಡೋದು? ಒಂದಷ್ಟು ಕಡತ ಕುಗ್ಗಬೇಕಾದ್ರೆ ಬೇರೆ ಕೆಲವು ಹಿಗ್ಗಲೇಬೇಕು. ನಾವು ಬಳಸೋ ಕಡತಗಳಲ್ಲಿ ಪುನರಾವರ್ತನೆ ಜಾಸ್ತಿ ಇರೋದ್ರಿಂದ ನಮ್ಮ ಸಾಧನಗಳು ಬದುಕಿವೆ, ಅಷ್ಟೇ.

ಗೆಳೆಯನಿಗೆ ನಿಜವಾಗ್ಲೂ ದಮ್ ಇದ್ರೆ ಹಟರ್ ಬಹುಮಾನಕ್ಕೆ ಕಳಿಸಿ. ವಿಕಿಪೀಡಿಯದ 1 ಗಿಗಾಬೈಟ್ ಪಠ್ಯವನ್ನ ಯಾರು ಹೆಚ್ಚು ಕುಗ್ಗಿಸ್ತಾರೋ ಅವರಿಗೆ ದುಡ್ಡು, ಒಟ್ಟು ನಿಧಿ 5,00,000 ಯೂರೋ. ಬಿಚ್ಚೋ ಪ್ರೋಗ್ರಾಮಿನ ಗಾತ್ರವನ್ನೂ ಲೆಕ್ಕಕ್ಕೆ ಹಿಡೀತಾರೆ, ಹಾಗಾಗಿ ಅದರೊಳಗೆ ಬಚ್ಚಿಡೋ ಹಾಗಿಲ್ಲ.

ಬೈಟುಭಟ್ಟ

ಅವನಿಗೆ ಹೇಳಿ ನೋಡ್ತೇನೆ. ಪೇಟೆಂಟ್ ವಿಷಯ ಯಾರೂ ಹೇಳಲಿಲ್ಲ.

ಹಳೇಟರ್ಮಿನಲ್

ಪೇಟೆಂಟಿನ ಕಥೆ ಬೇಕಾ? ಜಿಐಎಫ್ ಚಿತ್ರಗಳೊಳಗಿನ ಎಲ್‌ಜೆಡ್‌ಡಬ್ಲ್ಯೂ ಅನ್ನೋ ಕುಗ್ಗಿಸೋ ವಿಧಾನಕ್ಕೆ ಪೇಟೆಂಟ್ ಇಟ್ಕೊಂಡಿದ್ದ ಯೂನಿಸಿಸ್ 1994ರ ಕೊನೆಗೆ ಜಿಐಎಫ್ ಬರೆಯೋ ತಂತ್ರಾಂಶಗಳಿಂದ ದುಡ್ಡು ಕೇಳೋಕೆ ಶುರು ಮಾಡ್ತು. ಸಿಟ್ಟಾದ ಜನ ಪಿಎನ್‌ಜಿ ಚಿತ್ರ ಫಾರ್ಮ್ಯಾಟ್ ಕಟ್ಟಿದ್ರು, ಅದರೊಳಗೆ ಇರೋದು ಡಿಫ್ಲೇಟ್. ಯುನಿಕ್ಸಿನ ಹಳೇ ಕಂಪ್ರೆಸ್ ಆದೇಶವನ್ನ ಬದಿಗೆ ಸರಿಸಿ ಜಿಜಿಪ್ ಬಂದದ್ದಕ್ಕೂ ಅದೇ ಪೇಟೆಂಟ್ ಕಾರಣ. ಅಮೆರಿಕದಲ್ಲಿ ಅದರ ಅವಧಿ 2003ಕ್ಕೆ ಮುಗೀತು. ಅಷ್ಟೊತ್ತಿಗೆ ಯಾರಿಗೂ ಅದು ಬೇಕಾಗಿರಲಿಲ್ಲ.

ಕಡತಪಾಲ

ಎಲ್ಲ ಓದ್ತಾ ಇದ್ದೀನಿ, ನನ್ನ ಸ್ಕ್ರಿಪ್ಟ್ ಮರೆತೇ ಹೋಯ್ತೇನೋ ಅಂದ್ಕೊಂಡೆ :) ಲಾಗುಗಳಿಗೆ ಜೆಡ್‌ಎಸ್‌ಟಿಡಿ ಅಂತ ಅರ್ಥ ಆಯ್ತು. ಫೋಟೊ ಬೇರೆ ಇಡ್ತೀನಿ. ಡಂಪು ದೊಡ್ಡದು, ಅದಕ್ಕೆ ಯಾವ ಮಟ್ಟ?

ಮರುಸ್ಥಾಪಕಿ

ಮಟ್ಟ ಆಮೇಲೆ. ಡಂಪು ಯಾವ ಫಾರ್ಮ್ಯಾಟಿನಲ್ಲಿ ತೆಗೀತಿದ್ದೀರಿ? ಸಾದಾ ಎಸ್‌ಕ್ಯೂಎಲ್ಲಾ, ಕಸ್ಟಮ್ಮಾ?

ಕಡತಪಾಲ

ಸ್ಕ್ರಿಪ್ಟಲ್ಲಿ ಕಸ್ಟಮ್ ಅಂತ ಇದೆ. ಯಾಕೆ?

ಮರುಸ್ಥಾಪಕಿ

ಅಲ್ಲೇ ಇದೆ ನೋಡಿ! ಪೋಸ್ಟ್‌ಗ್ರೆಸ್‌ನ ಕಸ್ಟಮ್ ಡಂಪು ಯಾರೂ ಕೇಳದೆಯೇ ಜೆಡ್‌ಲಿಬ್ ಅನ್ನೋ ಡಿಫ್ಲೇಟ್ ಲೈಬ್ರರಿಯಿಂದ ಕುಗ್ಗಿಯೇ ಹೊರಬರುತ್ತೆ. ಅದು ನೋಡೋಕೆ ಕಲಸಿದ ಬೈಟು, ಎಕ್ಸ್‌ಜೆಡ್‌ಗೆ ಅಲ್ಲಿ ಹಿಡಿಯೋಕೆ ಏನೂ ಸಿಗಲ್ಲ. ಫೋಟೊಗಳು ಜೆಪೆಗ್ ಆದ್ರೆ ಅವೂ ಹಾಗೇ, ಒಳಗೆ ಹಫ್‌ಮನ್ ಆಗಲೇ ಕೆಲಸ ಮುಗಿಸಿರುತ್ತೆ. ಅಂದ್ರೆ ನಿಮ್ಮ ಆ ಒಂದು ಕೋರ್ ರಾತ್ರಿಯ ಬಹುಪಾಲು ಹೊತ್ತು ಇನ್ನು ಕುಗ್ಗದೇ ಇರೋದನ್ನ ಕುಗ್ಗಿಸೋಕೆ ಒದ್ದಾಡ್ತಿದೆ. ಇಲ್ಲಿ ಇಷ್ಟೊಂದು ಜನ ಅಲ್ಗಾರಿದಮ್ ಬಗ್ಗೆ ಗುದ್ದಾಡಿದ್ರು, ಒಳಗೆ ಏನು ಹೋಗ್ತಿದೆ ಅಂತ ಕೇಳಿದ್ದು ಶೂನ್ಯಒಂದು ಒಬ್ರೇ, ಅದೂ ಫೋಟೊ ವಿಷಯಕ್ಕೆ.

ಎರಡು ದಾರಿ. ಡಂಪಿನ ಸ್ವಂತ ಕುಗ್ಗಿಸುವಿಕೆಯನ್ನ ಸೊನ್ನೆ ಮಾಡಿ, ಹೊರಬಂದದ್ದನ್ನ ಜೆಡ್‌ಎಸ್‌ಟಿಡಿಗೆ ಪೈಪ್ ಮಾಡಿ. ಇಲ್ಲಾ ಪೋಸ್ಟ್‌ಗ್ರೆಸ್ 16 ಅಥವಾ ಮೇಲಿನದಿದ್ರೆ ಡಂಪಿಗೇ ಜೆಡ್‌ಎಸ್‌ಟಿಡಿ ಬಳಸು ಅಂತ ಹೇಳಬಹುದು. ಎರಡನೇದು ನನಗಿಷ್ಟ, ಒಂದೇ ಟೇಬಲ್ ಬೇಕಾದಾಗ ಎತ್ತಿಕೊಳ್ಳಬಹುದು.

ಟಾರಪ್ಪ

ಅಬ್ಬಾ. ಮೂರನೇ ಮಟ್ಟದಿಂದ ಶುರು ಮಾಡಿ, ಹೊತ್ತು ಮಿಕ್ಕಿದ್ರೆ ಒಂಬತ್ತು, ಹತ್ತು ಅಂತ ಏರಿಸ್ತಾ ಹೋಗಿ. ಬೇರೆಯವರ ಬೆಂಚ್‌ಮಾರ್ಕ್ ನೋಡಬೇಡಿ, ಅವರೆಲ್ಲ ಸಿಲೇಸಿಯಾ ಅನ್ನೋ 212 ಮೆಗಾಬೈಟ್ ಸಂಗ್ರಹದ ಮೇಲೆ ಅಳೀತಾರೆ. ನಿಮ್ಮ ಲಾಗು ಆ ಥರ ಇರಲ್ಲ.

ನೀಲಿಪರದೆ

ದಿನಾ ಹೊಸ ಟಾರ್ ಮಾಡೂದರ ಬದಲಿ ಬೋರ್ಗ್ ಇಲ್ಲಾ ರೆಸ್ಟಿಕ್ ಅನ್ನೂ ಬ್ಯಾಕಪ್ ಸಾಧನ ನೋಡ್ರಿ. ನಿನ್ನೆ ಇದ್ದ ಫೋಟೊ ಇವತ್ತೂ ಇದ್ರ ಮತ್ತ ನಕಲು ಮಾಡೂದಿಲ್ಲ. ಫೋಟೊ ಕುಗ್ಗಿಸಿ ಉಳಿಸೂದಕ್ಕಿಂತ ಇದರಾಗ ಉಳಿಯೂದು ಹೆಚ್ಚು. ಆದ್ರ ಅದಕ್ಕ ಡಂಪು ಕೊಡೂವಾಗ ಕುಗ್ಗಿಸದಂಗ ಕೊಡ್ರಿ. ಕುಗ್ಗಿಸಿದ ಕಡತದಾಗ ನಡುವ ಒಂದು ಸಾಲು ಬದಲಾದ್ರ ಅಲ್ಲಿಂದ ಮುಂದಿಂದೆಲ್ಲ ಬ್ಯಾರೆನ ಆಗ್ತದ, ಹೋಲಿಕಿ ಸಿಗೂದಿಲ್ಲ. ಕುಗ್ಗಿಸೂದು ಅವ ನೋಡ್ಕೋತಾವ. ಬೋರ್ಗ್ ಎಲ್‌ಜೆಡ್4 ಬಳಸ್ತದ, ರೆಸ್ಟಿಕ್ ಜೆಡ್‌ಎಸ್‌ಟಿಡಿ.

ಶೂನ್ಯಒಂದು

ಗೂಢಲಿಪಿ ಮಾಡೋದಿದ್ರೆ ಕುಗ್ಗಿಸಿದ ಮೇಲೆ ಮಾಡಿ, ಮುಂಚೆ ಅಲ್ಲ. ಗೂಢಲಿಪಿ ಆದ ಮೇಲೆ ಕುಗ್ಗೋಕೆ ಏನೂ ಉಳಿಯಲ್ಲ.

ಕಡತಪಾಲ

ಪೋಸ್ಟ್‌ಗ್ರೆಸ್ ನಮ್ಮದು 15, ಹಾಗಾಗಿ ಸದ್ಯಕ್ಕೆ ಸೊನ್ನೆ ಮಾಡಿ ಪೈಪ್ ಹಾಕ್ತೀನಿ. ಫೋಟೊ ಫೋಲ್ಡರನ್ನ ರೆಸ್ಟಿಕ್‌ಗೆ. ಲಾಗು ಜೆಡ್‌ಎಸ್‌ಟಿಡಿ, ಲಾಂಗ್ ಜೊತೆ. ಹಳೇ ಎಕ್ಸ್‌ಜೆಡ್ ಕಡತಗಳನ್ನ ಬಿಚ್ಚಿ ಮತ್ತೆ ಕುಗ್ಗಿಸಬೇಕಾ, ಹಾಗೇ ಬಿಡೋದಾ?

ಮರುಸ್ಥಾಪಕಿ

ಹಾಗೇ ಬಿಡಿ. ಬಿಚ್ಚೋಕೆ 65 ಮೆಬಿಬೈಟ್ ಮೆಮೊರಿ ಸಾಕು, ಯಾವ ಮಷೀನಲ್ಲೂ ಆಗುತ್ತೆ. ಒಂದನ್ನ ಮಾತ್ರ ಈ ವಾರ ಬೇರೆ ಮಷೀನಿಗೆ ಪೂರ್ತಿ ಬಿಚ್ಚಿ, ಡೇಟಾಬೇಸ್ ಎಬ್ಬಿಸಿ ನೋಡಿ.

ಹಳೇಟರ್ಮಿನಲ್

ಡಂಪೊಳಗೆ ಇದ್ದದ್ದು ಜೆಡ್‌ಲಿಬ್. ಅಂದ್ರೆ ಇಷ್ಟು ದಿನ ಇವರ ಡೇಟಾಬೇಸ್ ಕುಗ್ಗಿಸಿದ್ದು ಜಿಜಿಪ್ಪಿನ ಡಿಫ್ಲೇಟೇ ಅಂತಾಯ್ತು.

ನೀಲಿಪರದೆ

ಇವರು ಬಿಡೂದಿಲ್ರೀ.